ಮರ್ಲಿನ್ ಮನ್ರೋ ಬಗ್ಗೆ ಓದಬೇಕು ಅನ್ನಿಸಿದರೆ ಯಾವ ಪುಸ್ತಕ ಹಿಡಿಯುವುದು?

ಹಾಲಿವುಡ್ ನಟಿ ಮರ್ಲಿನ್ ಮನ್ರೋ ಬದುಕಿನ ಸುತ್ತ ಹೆಣೆದ ‘ಬ್ಲಾಂಡ್’ ಸಿನಿಮಾ 2022ರಲ್ಲಿ ಬಂತು. ಅದನ್ನು ನೋಡಿದವರು ನನ್ನ ಹತ್ತಿರ ಮತ್ತೆ ಮತ್ತೆ ಎರಡು ಪ್ರಶ್ನೆ ಕೇಳಿದ್ದಾರೆ. ಇದೆಲ್ಲ ನಿಜವಾಗಿ ನಡೆದದ್ದಾ? ಇದರ ಮೂಲ ಕಾದಂಬರಿ ಓದಲಾ, ಇಲ್ಲ ಯಾವುದಾದರೂ ಜೀವನಚರಿತ್ರೆ ಓದಲಾ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಎಲ್ಲವೂ ನಡೆದದ್ದಲ್ಲ. ಎರಡನೆಯದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಯಾಕೆಂದರೆ ಈ ಪುಸ್ತಕಗಳು ಒಂದೇ ಹೆಂಗಸಿನ ಬಗ್ಗೆ ಇದ್ದರೂ ಒಂದೇ ಕೆಲಸ ಮಾಡುವುದಿಲ್ಲ. ನಾನು ಕಾದಂಬರಿಯಿಂದ ಶುರು ಮಾಡಿದೆ. ಅದರಲ್ಲಿ ಕಾಣದ ಅಪ್ಪನಿಂದ ಮಗಳಿಗೆ ಕಾಗದಗಳು ಬರುತ್ತವೆ. ಆ ಕಾಗದಗಳು ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತವು ಅಂದರೆ, ಆಕೆಯ ಬದುಕಿನಲ್ಲೂ ಅಂಥ ಕಾಗದಗಳು ಬಂದಿದ್ದವು ಎಂದು ಬಹಳ ಕಾಲ ನಂಬಿದ್ದೆ. ಆಮೇಲೆ ಆಕೆಯ ಕೈಬರಹವೇ ಇರುವ ಪುಸ್ತಕ ಸಿಕ್ಕಿತು. ನನಗೆ ಗೊತ್ತಿದ್ದ ಮರ್ಲಿನ್ ಬೇರೆ, ಆ ಹಾಳೆಗಳಲ್ಲಿ ಬರೆಯುತ್ತಿದ್ದವಳು ಬೇರೆ. ಅಂದಿನಿಂದ ಯಾರು ಕೇಳಿದರೂ ಸ್ವಲ್ಪ ಕೂತು ಮಾತಾಡಿಯೇ ಉತ್ತರ ಕೊಡುತ್ತೇನೆ.

ಆರಿಸುವ ಮೊದಲು

ನೋಡಬೇಕಾದ ಮೊದಲ ವಿಷಯ, ಪುಸ್ತಕದಲ್ಲಿ ನಡೆದದ್ದು ಎಷ್ಟು, ಕಲ್ಪನೆ ಎಷ್ಟು ಎನ್ನುವುದು. ಕಲ್ಪನೆ ಇರುವುದು ತಪ್ಪಲ್ಲ. ಇದು ಕಲ್ಪನೆ ಎಂದು ಪುಸ್ತಕ ನಮಗೆ ಹೇಳುತ್ತದೆಯಾ ಅನ್ನುವುದು ಮುಖ್ಯ. ಎರಡನೆಯದು ದನಿ. ಮಾತಾಡುತ್ತಿರುವುದು ಆಕೆಯಾ, ಆಕೆಯ ಹೆಸರಿನಲ್ಲಿ ಇನ್ನೊಬ್ಬರಾ? ಮೂರನೆಯದು ನಿಮ್ಮ ಮನಸ್ಸಿನ ಶಕ್ತಿ. ಅತ್ಯಾಚಾರ, ಗರ್ಭಪಾತ, ಮಾನಸಿಕ ಕಾಯಿಲೆ, ಸಾವು ಇವೆಲ್ಲ ಇಲ್ಲಿ ಬರುತ್ತವೆ. ಕೆಲವು ಪುಸ್ತಕ ಅವನ್ನು ದೂರದಿಂದ ಹೇಳುತ್ತವೆ, ಕೆಲವು ನಿಮ್ಮನ್ನು ಅದೇ ಕೋಣೆಯಲ್ಲಿ ಕೂರಿಸುತ್ತವೆ. ನಾಲ್ಕನೆಯದು ಸಮಯ ಮತ್ತು ದುಡ್ಡು.

ನಾನು ಇನ್ನೊಂದನ್ನೂ ನೋಡುತ್ತೇನೆ. ಈ ಪುಸ್ತಕದಲ್ಲಿ ಆಕೆಗೆ ಅಳುವುದು ಬಿಟ್ಟು ಬೇರೆ ಏನಾದರೂ ಮಾಡಲು ಜಾಗ ಇದೆಯಾ? ಆಕೆ ನಗುತ್ತಾಳಾ, ಜಗಳ ಆಡುತ್ತಾಳಾ, ಕೆಲಸ ಮಾಡುತ್ತಾಳಾ? ಸತ್ತವರು ಬಂದು ‘ನಾನು ಹಾಗಿರಲಿಲ್ಲ’ ಎಂದು ಹೇಳಲು ಆಗುವುದಿಲ್ಲ, ಅಲ್ವಾ? ಹಾಗಾಗಿ ನನಗೆ ಇದು ಎಲ್ಲಕ್ಕಿಂತ ಮುಖ್ಯ.

ಗೊತ್ತಿರುವ ಬದುಕು

ಯಾವ ಪುಸ್ತಕ ಹಿಡಿದರೂ ಕೆಲವು ಸಂಗತಿ ತಲೆಯಲ್ಲಿರಲಿ. ಲಾಸ್ ಏಂಜಲಿಸ್‌ನಲ್ಲಿ 1926ರ ಜೂನ್ 1ರಂದು ಆಕೆ ಹುಟ್ಟಿದಳು. ಹೆಸರು ನಾರ್ಮಾ ಜೀನ್. ತಾಯಿ ಗ್ಲ್ಯಾಡಿಸ್ ಸಿನಿಮಾ ರೀಲು ಕತ್ತರಿಸುವ ಕೆಲಸದಲ್ಲಿದ್ದರು. 1934ರಲ್ಲಿ ಅವರು ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿದರು. ಮಗು ಒಂದಾದ ಮೇಲೊಂದು ಸಾಕುಮನೆ ಕಂಡಿತು, ಮಧ್ಯೆ ಅನಾಥಾಲಯದಲ್ಲೂ ಇತ್ತು. 16 ತುಂಬಿದ ತಿಂಗಳಲ್ಲೇ, 1942ರಲ್ಲಿ, ಜೇಮ್ಸ್ ಡೌಅರ್ಟಿ ಜೊತೆ ಮದುವೆ. ಯುದ್ಧದ ಕಾಲದಲ್ಲಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗ ಒಬ್ಬ ಫೋಟೋಗ್ರಾಫರ್ ಕಣ್ಣಿಗೆ ಬಿದ್ದಳು. 1946ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಎಂಬ ಸಿನಿಮಾ ಸ್ಟುಡಿಯೋ ಜೊತೆ ಕರಾರು, ‘ಮರ್ಲಿನ್ ಮನ್ರೋ’ ಎಂಬ ಹೊಸ ಹೆಸರು. 1954ರಲ್ಲಿ ಬೇಸ್‌ಬಾಲ್ ತಾರೆ ಜೋ ಡಿಮ್ಯಾಜಿಯೋ ಜೊತೆ ಮದುವೆ. ಆ ವರ್ಷ ಮುಗಿಯುವುದರೊಳಗೆ ಅದೂ ಮುರಿಯಿತು. 1956ರಲ್ಲಿ ನಾಟಕಕಾರ ಆರ್ಥರ್ ಮಿಲ್ಲರ್ ಜೊತೆ ಮದುವೆ, 1961ರಲ್ಲಿ ವಿಚ್ಛೇದನ. 1962ರ ಆಗಸ್ಟ್ 4ರ ರಾತ್ರಿ, 36ನೇ ವಯಸ್ಸಿಗೆ, ನಿದ್ದೆ ಮಾತ್ರೆಗಳಿಂದ ಸಾವು. ‘ಬಹುಶಃ ಆತ್ಮಹತ್ಯೆ’ ಎಂದು ಅಧಿಕಾರಿಗಳು ಬರೆದರು.

ಈ ಪಟ್ಟಿಯಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಒಂದು ಸಂಗತಿ ಇದೆ. ಒಪ್ಪಿಗೆ ಇಲ್ಲದ ಪಾತ್ರ ಮಾಡುವುದಿಲ್ಲ ಎಂದು ಆಕೆ ಫಾಕ್ಸ್ ಸ್ಟುಡಿಯೋಗೆ ಎದುರು ನಿಂತಳು. ಸ್ಟುಡಿಯೋ ಅಮಾನತು ಮಾಡಿತು. ಆಕೆ ಹಾಲಿವುಡ್ ಬಿಟ್ಟು ನ್ಯೂಯಾರ್ಕ್‌ಗೆ ಹೋಗಿ ಫೋಟೋಗ್ರಾಫರ್ ಮಿಲ್ಟನ್ ಗ್ರೀನ್ ಜೊತೆ ತನ್ನದೇ ನಿರ್ಮಾಣ ಸಂಸ್ಥೆ ಕಟ್ಟಿದಳು. 1955ರ ಕೊನೆಗೆ ಸ್ಟುಡಿಯೋ ಬಗ್ಗಿತು. ಹೊಸ ಕರಾರಿನಲ್ಲಿ ಪ್ರತಿ ಚಿತ್ರಕ್ಕೆ 1 ಲಕ್ಷ ಡಾಲರ್, ಜೊತೆಗೆ ನಿರ್ದೇಶಕರನ್ನು ಒಪ್ಪುವ ಅಥವಾ ಬೇಡ ಅನ್ನುವ ಹಕ್ಕು. ಆ ಕಾಲದ ನಟಿಗೆ ಇದು ಸಣ್ಣ ಗೆಲುವಲ್ಲ. ಒಂದು ಪುಸ್ತಕ ಈ ಗೆಲುವಿಗೆ ಎಷ್ಟು ಪುಟ ಕೊಟ್ಟಿದೆ ಎಂದು ನೋಡಿದರೆ ಸಾಕು, ಅದು ಆಕೆಯನ್ನು ಹೇಗೆ ನೋಡುತ್ತದೆ ಎಂಬುದು ಅರ್ಧ ಗೊತ್ತಾಗುತ್ತದೆ.

ಕಾದಂಬರಿ: ‘ಬ್ಲಾಂಡ್’

ಜಾಯ್ಸ್ ಕ್ಯಾರಲ್ ಓಟ್ಸ್ ಬರೆದ ಈ ಕಾದಂಬರಿ 2000ದಲ್ಲಿ ಬಂತು. 700ಕ್ಕೂ ಹೆಚ್ಚು ಪುಟ. ಅಮೆರಿಕದ ದೊಡ್ಡ ಸಾಹಿತ್ಯ ಪ್ರಶಸ್ತಿಗಳಾದ ಪುಲಿಟ್ಜರ್ ಮತ್ತು ನ್ಯಾಷನಲ್ ಬುಕ್ ಅವಾರ್ಡ್ ಎರಡರ ಕೊನೆಯ ಸುತ್ತಿಗೂ ಹೋಗಿತ್ತು. 17 ವರ್ಷದ ನಾರ್ಮಾ ಜೀನ್‌ಳ ಒಂದು ಫೋಟೋ ಓಟ್ಸ್ ಕಣ್ಣಿಗೆ ಬಿತ್ತು. ಮುಂದೆ ಲೋಕ ಕಂಡ ತಾರೆಯ ಗುರುತೇ ಇಲ್ಲದ ಮುಖ. ಮೊದಲು ಅವರು ಯೋಚಿಸಿದ್ದು 175 ಪುಟದ ಸಣ್ಣ ಕಾದಂಬರಿ. ಹುಡುಗಿಗೆ ‘ಮರ್ಲಿನ್ ಮನ್ರೋ’ ಎಂಬ ಹೆಸರು ಬರುವಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಬರೆಯುತ್ತಾ ಹೋದಂತೆ ಅದು ಇಡೀ ಬದುಕನ್ನೇ ನುಂಗಿತು.

ಇದರ ಶಕ್ತಿ ಎಲ್ಲಿದೆ ಅಂದರೆ, ಇದು ಹೊರಗಿನಿಂದ ನೋಡುವುದಿಲ್ಲ. ಕಾಯಿಲೆಯ ತಾಯಿ ಸುಡುವ ನೀರಿನ ತೊಟ್ಟಿಗೆ ಮಗುವನ್ನು ಇಳಿಸುವಾಗ ನಮ್ಮ ಚರ್ಮವೂ ಉರಿಯುತ್ತದೆ. ಕ್ಯಾಮೆರಾ ಮುಂದೆ ನಿಲ್ಲುವ ಮುನ್ನ ಆಕೆ ಕನ್ನಡಿಯಲ್ಲಿ ‘ಮರ್ಲಿನ್’ಗಾಗಿ ಕಾಯುತ್ತಾಳೆ, ಯಾರೋ ಬೇರೆಯವರು ಬರಬೇಕು ಎಂಬಂತೆ. ಒಬ್ಬ ಹೆಂಗಸು ಸಾವಿರ ಜನರ ಆಸೆಗೆ ಒಡವೆಯಾಗಿ, ಒಳಗೆ ಎಂಟು ವರ್ಷದ ಮಗುವಾಗಿ ಉಳಿಯುವುದು ಹೇಗೆ ಎಂಬುದನ್ನು ಯಾವ ಜೀವನಚರಿತ್ರೆಯೂ ಹೀಗೆ ತಟ್ಟಿಸುವುದಿಲ್ಲ. ಸಾವು ಒಬ್ಬ ಸೈಕಲ್ ಸವಾರನಾಗಿ, ಪಾರ್ಸೆಲ್ ಹಿಡಿದು ಬರುವ ಮೊದಲ ಪುಟಗಳನ್ನು ಓದಿದವರು ಮರೆಯಲಾರರು.

ಇನ್ನು ಬೆಲೆ ತೆರಬೇಕಾದ ಕಡೆ. ಇದು ಕಾದಂಬರಿ ಎಂದು ಓಟ್ಸ್ ಪುಸ್ತಕದ ಟಿಪ್ಪಣಿಯಲ್ಲೇ ಹೇಳಿದ್ದಾರೆ. ಅನೇಕ ಸಾಕುಮನೆಗಳ ಬದಲು ಒಂದೇ ಒಂದು ಕಲ್ಪಿತ ಮನೆ ಇಟ್ಟಿದ್ದೇನೆ, ಪ್ರೇಮ, ಕಾಯಿಲೆ, ಗರ್ಭಪಾತ ಎಲ್ಲದರಲ್ಲೂ ಕೆಲವನ್ನಷ್ಟೇ ಸಂಕೇತದಂತೆ ಆರಿಸಿಕೊಂಡಿದ್ದೇನೆ ಎಂದಿದ್ದಾರೆ. ಹೆಸರುಗಳೂ ಬದಲಾಗಿವೆ. ಮೊದಲ ಗಂಡನಿಗೆ ಬಕಿ ಗ್ಲೇಜರ್ ಎಂಬ ಹೆಸರಿದೆ. ಮುಂದಿನ ಇಬ್ಬರು ಗಂಡಂದಿರು ‘ಮಾಜಿ ಕ್ರೀಡಾಪಟು’, ‘ನಾಟಕಕಾರ’, ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ‘ಅಧ್ಯಕ್ಷ’ ಅಷ್ಟೇ. ಲೇಖಕಿ ನ್ಯಾಯವಾಗಿಯೇ ನಡೆದುಕೊಂಡಿದ್ದಾರೆ. ಆದರೆ ಟಿಪ್ಪಣಿ ಒಂದು ಪುಟ, ಕಥೆ 700 ಪುಟ. ಕೊನೆಗೆ ತಲೆಯಲ್ಲಿ ಉಳಿಯುವುದು ಕಥೆ.

ಒಂದು ಉದಾಹರಣೆ ಕೊಡುತ್ತೇನೆ. ಕಾದಂಬರಿಯಲ್ಲಿ ಗರ್ಭಪಾತ ಮಾಡಿಸಿಕೊಂಡ ಕೊರಗು ಆಕೆಯನ್ನು ಕೊನೆತನಕ ಕಾಡುತ್ತದೆ. ಜೀವನಚರಿತ್ರೆಗಳಲ್ಲಿ ದಾಖಲಾಗಿರುವ ದುಃಖ ಬೇರೆ ಥರದ್ದು. ಆಕೆಗೆ ಎಂಡೋಮೆಟ್ರಿಯೋಸಿಸ್ ಇತ್ತು, ಅಂದರೆ ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಕಾಯಿಲೆ. ಮಿಲ್ಲರ್ ಜೊತೆ ಇದ್ದಾಗ ಮಗು ಬೇಕು ಎಂದು ಹಂಬಲಿಸಿದಳು. 1957ರಲ್ಲಿ ಗರ್ಭ ಗರ್ಭಕೋಶದ ಹೊರಗೆ ನಿಂತು ಶಸ್ತ್ರಚಿಕಿತ್ಸೆ ಆಯಿತು, 1958ರಲ್ಲಿ ಮತ್ತೆ ಗರ್ಭ ಇಳಿಯಿತು. ಬೇಡ ಎಂದು ಬಿಟ್ಟದ್ದಕ್ಕೂ ಬೇಕು ಎಂದರೂ ಸಿಗದದ್ದಕ್ಕೂ ಎಷ್ಟು ವ್ಯತ್ಯಾಸ ಇದೆ! ಆ ವ್ಯತ್ಯಾಸ ಗೊತ್ತಿಲ್ಲದೆ ಕಾದಂಬರಿ ಮುಚ್ಚಿಟ್ಟರೆ ಆಕೆಗೆ ಅನ್ಯಾಯ ಆಗುತ್ತದೆ ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು, ಸ್ಟುಡಿಯೋ ಜೊತೆ ಗುದ್ದಾಡಿ ಗೆದ್ದ ಹೆಂಗಸಿಗೆ ಇಲ್ಲಿ ಸಿಗುವ ಜಾಗ ಕಡಿಮೆ. ನೋವಿನ ಮೇಲೆ ನೋವು ಬರುತ್ತಾ ಹೋಗುತ್ತದೆ. ಸಿನಿಮಾದಲ್ಲಂತೂ ಇದು ಇನ್ನೂ ಜಾಸ್ತಿ. ಅಮೆರಿಕದಲ್ಲಿ ಅದಕ್ಕೆ ಎನ್‌ಸಿ-17, ಅಂದರೆ ದೊಡ್ಡವರಿಗೆ ಮಾತ್ರ ಎಂಬ ಪ್ರಮಾಣಪತ್ರ ಸಿಕ್ಕಿದ್ದು ಸುಮ್ನೆ ಅಲ್ಲ. ಲೈಂಗಿಕ ಹಿಂಸೆ ಓದಲು ಕಷ್ಟವಾಗುವವರು ಈ ಕಾದಂಬರಿಯನ್ನು ಈಗ ಬಿಡುವುದೇ ಒಳ್ಳೆಯದು. ಇದರ ಇಂಗ್ಲಿಷ್ ಕೂಡ ಸಲೀಸಲ್ಲ. ವಾಕ್ಯಗಳು ಮುರಿಯುತ್ತವೆ, ದನಿಗಳು ಬದಲಾಗುತ್ತವೆ, ಕವಿತೆಗಳು ನುಗ್ಗುತ್ತವೆ. ದಿನಕ್ಕೆ 20 ಪುಟ ಓದುವವರಿಗೆ ಒಂದು ತಿಂಗಳಿಗಿಂತ ಜಾಸ್ತಿ ಬೇಕು.

ಹಾಗಾದರೆ ಯಾರಿಗೆ? ದೊಡ್ಡ ಕಾದಂಬರಿಗಳಲ್ಲಿ ಮುಳುಗಿ ಹೋಗುವವರಿಗೆ. ಖ್ಯಾತಿ ಎನ್ನುವುದು ಒಬ್ಬ ಮನುಷ್ಯರನ್ನು ಒಳಗಿನಿಂದ ಏನು ಮಾಡುತ್ತದೆ ಎಂದು ತಿಳಿಯಬೇಕು ಅನ್ನುವವರಿಗೆ. ಇದು ಆಕೆಯ ಬದುಕಿನ ವರದಿ ಎಂದು ಹುಡುಕಿಕೊಂಡು ಬರುವವರಿಗೆ ಅಲ್ಲ.

ಆಕೆಯ ಕೈಬರಹ: ‘ಫ್ರಾಗ್ಮೆಂಟ್ಸ್’

ಆಕೆ ತನ್ನ ವಸ್ತುಗಳನ್ನು ನಟನೆಯ ಗುರು ಲೀ ಸ್ಟ್ರಾಸ್‌ಬರ್ಗ್ ಅವರಿಗೆ ಬಿಟ್ಟು ಹೋಗಿದ್ದಳು. ಅವುಗಳಲ್ಲಿ ನೋಟ್‌ಬುಕ್‌ಗಳು, ಕಾಗದಗಳು, ಹೋಟೆಲಿನ ಲೆಟರ್‌ಹೆಡ್ ಮೇಲೆ ಗೀಚಿದ ಸಾಲುಗಳು, ಕವಿತೆಗಳು ಇದ್ದವು. ಅವೆಲ್ಲ 2010ರಲ್ಲಿ ಪುಸ್ತಕವಾಗಿ ಬಂದವು. ಒಂದು ಪುಟದಲ್ಲಿ ಆಕೆಯ ಕೈಬರಹದ ಚಿತ್ರ, ಎದುರು ಪುಟದಲ್ಲಿ ಅದರ ಅಚ್ಚು. ಕಾಗುಣಿತದ ತಪ್ಪು, ಹೊಡೆದುಹಾಕಿದ ಪದ, ಅಂಚಿನಲ್ಲಿ ತಿರುಗಿ ಹೋಗುವ ವಾಕ್ಯ ಎಲ್ಲವೂ ಹಾಗೇ ಇವೆ.

ಇಲ್ಲಿ ಯಾರೂ ಆಕೆಯ ಪರವಾಗಿ ಮಾತಾಡುವುದಿಲ್ಲ. ನಟನೆಯ ತರಗತಿಯ ಬಗ್ಗೆ ಬರೆದುಕೊಂಡ ಟಿಪ್ಪಣಿ, ಮದುವೆಯಲ್ಲಿ ಆದ ನಿರಾಸೆ, ಕೋಳಿಯೊಳಗೆ ತುಂಬುವ ಮಸಾಲೆಯ ಪಾಕವಿಧಾನ, ಎಲ್ಲವೂ ಅಕ್ಕಪಕ್ಕ. 1961ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಪೇನ್ ವಿಟ್ನಿ ಮಾನಸಿಕ ಚಿಕಿತ್ಸಾಲಯದಲ್ಲಿ ಆಕೆಯನ್ನು ಬೀಗ ಹಾಕಿದ ಕೋಣೆಯಲ್ಲಿ ಇಟ್ಟಿದ್ದರು. ಅಲ್ಲಿಂದ ಬಿಡುಗಡೆಯಾದ ಮೇಲೆ ತನ್ನ ಮನೋವೈದ್ಯ ರಾಲ್ಫ್ ಗ್ರೀನ್‌ಸನ್ ಅವರಿಗೆ ಬರೆದ ಉದ್ದನೆಯ ಕಾಗದ ಇದರಲ್ಲಿದೆ. ಭಯದ ನಡುವೆಯೂ ಆಕೆ ಎಷ್ಟು ಸ್ಪಷ್ಟವಾಗಿ ಯೋಚಿಸುತ್ತಾಳೆ! ಹಿಂದೆ ತಾನು ಒಂದು ಸಿನಿಮಾದಲ್ಲಿ ಮಾಡಿದ ಮಾನಸಿಕ ರೋಗಿಯ ಪಾತ್ರವನ್ನು ನೆನಪಿಸಿಕೊಂಡು, ಅದರಿಂದಲೇ ಕುರ್ಚಿಯಲ್ಲಿ ಗಾಜು ಒಡೆಯುವ ಉಪಾಯ ಹೊಳೆಯಿತು ಎಂದು ಬರೆಯುತ್ತಾಳೆ. ಅದರಲ್ಲಿ ನಗುವೂ ಇದೆ, ಸಿಟ್ಟೂ ಇದೆ.

ಕೊರತೆ ಏನೆಂದರೆ, ಇದರಲ್ಲಿ ಕಥೆ ಇಲ್ಲ. ಯಾವ ಕಾಗದ ಯಾವಾಗಿನದು, ಯಾರಿಗೆ ಬರೆದದ್ದು ಎಂದು ಸಂಪಾದಕರು ಅಲ್ಲಲ್ಲಿ ಹೇಳುತ್ತಾರೆ. ಆದರೂ ಬದುಕಿನ ಹಿನ್ನೆಲೆ ಗೊತ್ತಿಲ್ಲದವರಿಗೆ ಅರ್ಧ ಕೈಜಾರುತ್ತದೆ. ಇನ್ನೊಂದು ಮಾತು, ಇದನ್ನು ಇ-ಬುಕ್‌ನಲ್ಲಿ ತಗೊಳ್ಳಬೇಡಿ. ಫೋನಿನ ಪರದೆಯಲ್ಲಿ ಕೈಬರಹ ಕಾಣದಿದ್ದರೆ ಏನು ಉಳಿಯಿತು? ಅಚ್ಚಿನ ಪ್ರತಿಗೆ ದುಡ್ಡು ಜಾಸ್ತಿ ಅನ್ನಿಸಿದರೆ ಗ್ರಂಥಾಲಯದಲ್ಲಿ ಕೇಳಿ. ಒಂದು ಮಧ್ಯಾಹ್ನದಲ್ಲಿ ತಿರುವಿ ಹಾಕಬಹುದಾದ ಪುಸ್ತಕ ಇದು, ಆದರೆ ಮತ್ತೆ ಮತ್ತೆ ತೆರೆಯಬೇಕು ಅನ್ನಿಸುತ್ತದೆ.

ಆಕೆಯದೇ ಹೆಸರಿನಲ್ಲಿ: ‘ಮೈ ಸ್ಟೋರಿ’

ಆತ್ಮಕಥೆ ಇದೆಯಲ್ಲ, ಅದನ್ನೇ ಓದಿದರೆ ಆಯಿತಲ್ಲ ಎಂದು ಕೇಳುವವರಿದ್ದಾರೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಇದರ ಹಸ್ತಪ್ರತಿ 1954ರ ಸುಮಾರಿಗೆ ಆದದ್ದು. ಆಕೆ ಹೇಳಿದ್ದನ್ನು ಬರಹಕ್ಕಿಳಿಸಿದವರು ಚಿತ್ರಕಥೆಗಾರ ಬೆನ್ ಹೆಕ್ಟ್. ಪುಸ್ತಕವಾಗಿ ಬಂದದ್ದು ಆಕೆ ತೀರಿಕೊಂಡು 12 ವರ್ಷದ ಮೇಲೆ, 1974ರಲ್ಲಿ. ಡಿಮ್ಯಾಜಿಯೋ ಜೊತೆ ಮದುವೆ, ಕೊರಿಯಾದಲ್ಲಿ ಸೈನಿಕರ ಮುಂದೆ ಹಾಡಿದ್ದು, ಅಲ್ಲಿಗೆ ಥಟ್ಟನೆ ನಿಲ್ಲುತ್ತದೆ. ಮಿಲ್ಲರ್ ಇಲ್ಲ, ನ್ಯೂಯಾರ್ಕ್ ಇಲ್ಲ, ಕೊನೆಯ ವರ್ಷಗಳು ಇಲ್ಲ.

ಅನುಭವ ಆಕೆಯದು, ವಾಕ್ಯ ಹೆಕ್ಟ್ ಅವರದು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಗೆರೆ ಎಳೆಯಲು ಆಗುವುದಿಲ್ಲ. ಆದರೂ ಬಾಲ್ಯದ ಭಾಗ ಓದಲೇಬೇಕಾದದ್ದು. ತಾಯಿಯ ಕೋಣೆಯ ಗೋಡೆಯ ಮೇಲಿದ್ದ, ಹ್ಯಾಟ್ ಹಾಕಿದ, ತೆಳು ಮೀಸೆಯ ಗಂಡಸಿನ ಫೋಟೋ ಅದರಲ್ಲಿ ಬರುತ್ತದೆ. ಅದು ನಿನ್ನ ಅಪ್ಪ ಎಂದು ತಾಯಿ ಹೇಳುತ್ತಾಳೆ. ನಟ ಕ್ಲಾರ್ಕ್ ಗೇಬಲ್ ಥರ ಕಾಣುವ ಆ ಮುಖವನ್ನು ಹುಡುಗಿ ವರ್ಷಗಟ್ಟಲೆ ಕನಸಿನಲ್ಲಿ ಇಟ್ಟುಕೊಳ್ಳುತ್ತಾಳೆ. ಇದನ್ನು ಓದಿದರೆ ಓಟ್ಸ್ ಕಾದಂಬರಿಯ ಅಪ್ಪನ ಎಳೆ ಎಲ್ಲಿಂದ ಬಂತು ಎಂದು ತಿಳಿಯುತ್ತದೆ. ಆ ಅಪ್ಪ ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2022ರಲ್ಲಿ. ಡಿಎನ್‌ಎ ಪರೀಕ್ಷೆಯಿಂದ ಚಾರ್ಲ್ಸ್ ಸ್ಟಾನ್ಲಿ ಗಿಫರ್ಡ್ ಎಂಬ ಹೆಸರು ಖಚಿತವಾಯಿತು. ಆಕೆ ಹೋಗಿ 60 ವರ್ಷದ ಮೇಲೆ. ಹಾಗಾಗಿ ಇಲ್ಲಿರುವ ಯಾವ ಪುಸ್ತಕವನ್ನೂ ಈ ವಿಷಯಕ್ಕೆ ನಂಬಿಕೊಳ್ಳಬೇಡಿ, ಎಲ್ಲವೂ ಅದಕ್ಕೂ ಮೊದಲಿನವು.

ಇಂಗ್ಲಿಷ್ ಸರಳ, ಪುಸ್ತಕ ತೆಳ್ಳಗಿದೆ. ಇಂಗ್ಲಿಷ್ ಓದಿನ ಅಭ್ಯಾಸ ಕಡಿಮೆ ಇರುವವರಿಗೆ ನಾನು ಮೊದಲು ಕೊಡುವುದು ಇದನ್ನೇ.

ಪೂರ್ತಿ ಬದುಕು ಬೇಕೆಂದರೆ

ಡೊನಾಲ್ಡ್ ಸ್ಪೊಟೊ ಅವರ ಜೀವನಚರಿತ್ರೆ 1993ರಲ್ಲಿ ಬಂತು. ಹುಟ್ಟಿನಿಂದ ಸಾವಿನ ತನಕ ಸಾಲಾಗಿ, ದಾಖಲೆ ಹಿಡಿದು ಹೋಗುತ್ತದೆ. ಸ್ಟುಡಿಯೋ ಜಗಳ, ಕರಾರು, ನಟನೆಯ ಕಲಿಕೆ ಎಲ್ಲಕ್ಕೂ ಪುಟಗಳಿವೆ. ಅಧ್ಯಕ್ಷ ಜಾನ್ ಕೆನಡಿ ಮತ್ತು ಅವರ ತಮ್ಮ ರಾಬರ್ಟ್ ಜೊತೆಗಿನ ಸಂಬಂಧದ ಬಗ್ಗೆ ಹಬ್ಬಿದ ಎಷ್ಟೋ ಗಾಳಿಮಾತುಗಳನ್ನು ಅವರು ಒಂದೊಂದಾಗಿ ಕೆದಕಿ ಬದಿಗೆ ಸರಿಸುತ್ತಾರೆ. ಆದರೆ ಸಾವಿನ ಬಗ್ಗೆ ಅವರು ಕೊಡುವ ವಿವರಣೆ ಅವರದೇ ಊಹೆ. ಆತ್ಮಹತ್ಯೆಯೂ ಅಲ್ಲ, ಕೊಲೆಯೂ ಅಲ್ಲ, ಔಷಧಿ ಕೊಟ್ಟ ರೀತಿಯಲ್ಲಿ ಆದ ಎಡವಟ್ಟು ಎನ್ನುತ್ತಾರೆ. ಆ ಅಧ್ಯಾಯವನ್ನು ಒಂದು ವಾದ ಎಂದು ಓದಿ, ತೀರ್ಪು ಎಂದು ಅಲ್ಲ. ಉಳಿದದ್ದಕ್ಕೆ ಇದು ಗಟ್ಟಿ ನೆಲ. ದಪ್ಪ ಪುಸ್ತಕವಾದರೂ ಬೇಕಾದ ವರ್ಷ ಮಾತ್ರ ತೆಗೆದು ಓದಬಹುದು. ಕಾದಂಬರಿಯಲ್ಲಿ ಹಾಗೆ ಮಾಡಲು ಆಗುವುದಿಲ್ಲ.

ಅಷ್ಟು ದಪ್ಪ ಬೇಡ ಅನ್ನುವವರಿಗೆ ಗ್ಲೋರಿಯಾ ಸ್ಟೈನೆಮ್ ಅವರ 1986ರ ‘ಮರ್ಲಿನ್: ನಾರ್ಮಾ ಜೀನ್’ ಇದೆ. ಸ್ಟೈನೆಮ್ ಹದಿಹರೆಯದಲ್ಲಿ ಮನ್ರೋ ಸಿನಿಮಾ ನೋಡುತ್ತಾ, ತೆರೆಯ ಮೇಲಿನ ಆ ಮೆದು, ಅಸಹಾಯಕ ಹೆಂಗಸನ್ನು ಕಂಡು ಮುಜುಗರವಾಗಿ ಮಧ್ಯದಲ್ಲೇ ಎದ್ದು ಬಂದವರು. ಮುಂದೆ ಮಹಿಳಾ ಚಳವಳಿಯ ದೊಡ್ಡ ಹೆಸರಾದ ಮೇಲೆ ಅದೇ ಹೆಂಗಸಿನ ಕಡೆ ತಿರುಗಿ ನೋಡಿದರು. ಆ ತಿರುಗಿ ನೋಡುವಿಕೆಯಲ್ಲಿ ಅಕ್ಕರೆ ಇದೆ. ಜಾರ್ಜ್ ಬ್ಯಾರಿಸ್ 1962ರ ಬೇಸಿಗೆಯಲ್ಲಿ ಸಮುದ್ರದ ದಂಡೆಯಲ್ಲಿ ತೆಗೆದ ಫೋಟೋಗಳೂ ಇವೆ. ಸ್ವೆಟರ್ ಹಾಕಿಕೊಂಡು, ಗಾಳಿಗೆ ಕೂದಲು ಕೆದರಿ ನಗುತ್ತಿರುವವಳು ಇನ್ನು ಕೆಲವೇ ವಾರ ಇರುತ್ತಾಳೆ ಎಂದು ನಮಗೆ ಗೊತ್ತಿರುತ್ತದೆ. ಓದುವುದಕ್ಕೆ ಸಿಗುವುದು ಒಂದು ನೋಟ, ಪೂರ್ತಿ ಚರಿತ್ರೆ ಅಲ್ಲ. ನನಗೆ ಇದು ಇಷ್ಟ.

ಅಮೆರಿಕದ ಕಾದಂಬರಿಕಾರ ನಾರ್ಮನ್ ಮೇಲರ್ ಅವರ 1973ರ ಪುಸ್ತಕದ ಹೆಸರನ್ನೂ ಹಲವರು ಹೇಳುತ್ತಾರೆ. ಫೋಟೋಗಳು ಸೊಗಸು. ಬರಹದಲ್ಲಿ ಮನ್ರೋಗಿಂತ ಮೇಲರ್ ಜಾಸ್ತಿ. ಅವರು ಆಕೆಯನ್ನು ಒಮ್ಮೆಯೂ ಭೇಟಿಯಾದವರಲ್ಲ. ಕಾದಂಬರಿಯನ್ನೂ ಚರಿತ್ರೆಯನ್ನೂ ಕಲಸಿ, ಯಾವುದು ಯಾವುದೆಂದು ಬಿಡಿಸದೆ ಮುಂದಿಡುತ್ತಾರೆ. ನನ್ನ ಮೊದಲ ಮಾನದಂಡದಲ್ಲೇ ಇದು ಬಿದ್ದುಹೋಗುತ್ತದೆ. ದುಡ್ಡು ಉಳಿಸಿ.

ನಿಜವಾದ ವ್ಯಕ್ತಿಯೇ ಬೇಡ ಅಂದರೆ

ಹಳೆಯ ಹಾಲಿವುಡ್ಡಿನ ತಾರೆಯ ಗುಟ್ಟಿನ ಬದುಕಿನ ಕಥೆ ಬೇಕು, ಆದರೆ ಸತ್ತವರ ಬದುಕನ್ನು ಕೆದಕಿದ ಅಳುಕು ಬೇಡ. ಹಾಗೆ ಅನ್ನಿಸುವವರಿಗೆ ಟೇಲರ್ ಜೆಂಕಿನ್ಸ್ ರೀಡ್ ಅವರ 2017ರ ‘ದ ಸೆವೆನ್ ಹಸ್ಬೆಂಡ್ಸ್ ಆಫ್ ಎವೆಲಿನ್ ಹ್ಯೂಗೊ’ ಸರಿಹೋಗುತ್ತದೆ. ಎವೆಲಿನ್ ಪೂರ್ತಿ ಕಲ್ಪಿತ ಪಾತ್ರ. ವಯಸ್ಸಾದ ತಾರೆ ಒಬ್ಬ ಕಿರಿಯ ಪತ್ರಕರ್ತೆಯನ್ನು ಕೂರಿಸಿಕೊಂಡು ಏಳು ಮದುವೆಗಳ ಕಥೆ ಹೇಳುತ್ತಾಳೆ. ಸಲೀಸಾದ ಇಂಗ್ಲಿಷ್, ಪುಟ ತಿರುಗಿದ್ದೇ ಗೊತ್ತಾಗುವುದಿಲ್ಲ. ಓಟ್ಸ್ ಕಾದಂಬರಿಯ ಆಳ ಇದರಲ್ಲಿ ಇಲ್ಲ. ಆದರೆ ಇಲ್ಲಿ ತಾರೆ ತನ್ನ ಕಥೆಯನ್ನು ತಾನೇ ಹೇಳುತ್ತಾಳೆ, ತಾನು ಮಾಡಿದ ತಪ್ಪುಗಳ ಸಮೇತ. ಪ್ರಯಾಣಕ್ಕೆ, ರಜೆಗೆ, ಬಹಳ ದಿನದ ಮೇಲೆ ಮತ್ತೆ ಕಾದಂಬರಿ ಹಿಡಿಯುವವರಿಗೆ ಇದನ್ನೇ ಹೇಳುತ್ತೇನೆ.

ಈಗ ನೀವು

ಒಂದೇ ಪುಸ್ತಕಕ್ಕೆ ದುಡ್ಡು ಇದೆ, ಆಕೆಯನ್ನೇ ಕೇಳಬೇಕು ಎಂದಿದ್ದರೆ ‘ಫ್ರಾಗ್ಮೆಂಟ್ಸ್’. ಏನಾಯಿತು, ಯಾವಾಗ ಆಯಿತು ಎಂದು ಸರಿಯಾಗಿ ಗೊತ್ತಾಗಬೇಕಿದ್ದರೆ ಸ್ಪೊಟೊ. ವಾರಾಂತ್ಯವಷ್ಟೇ ಇದ್ದರೆ ‘ಮೈ ಸ್ಟೋರಿ’ ಅಥವಾ ಸ್ಟೈನೆಮ್. ಸಿನಿಮಾ ನೋಡಿ ಮನಸ್ಸು ಭಾರವಾಗಿದ್ದರೆ ಕೂಡಲೇ ಓಟ್ಸ್ ಕಾದಂಬರಿಗೆ ಹೋಗಬೇಡಿ. ಅದೇ ಗಾಯವನ್ನು ಮತ್ತೆ ಕೆರೆದಂತಾಗುತ್ತದೆ. ಮೊದಲು ಸ್ಟೈನೆಮ್ ಓದಿ, ಸ್ವಲ್ಪ ಉಸಿರು ಬಿಡಿ.

‘ಬ್ಲಾಂಡ್’ ಓದಲೇಬೇಕು ಎಂದು ತೀರ್ಮಾನಿಸಿದವರಿಗೆ ಒಂದು ದಾರಿ ಹೇಳುತ್ತೇನೆ. ಮೊದಲು ‘ಮೈ ಸ್ಟೋರಿ’ಯ ಬಾಲ್ಯದ ಅಧ್ಯಾಯಗಳು. ಆಮೇಲೆ ಸ್ಪೊಟೊ ಪುಸ್ತಕದ 1954 ಮತ್ತು 1955ರ ಭಾಗ. ಆಮೇಲೆ ಗ್ರೀನ್‌ಸನ್ ಅವರಿಗೆ ಬರೆದ ಆ ಕಾಗದ. ಮೂರೂ ಸೇರಿ ಎರಡು ಮೂರು ಸಂಜೆಯ ಓದು, ಮೂರನ್ನೂ ಗ್ರಂಥಾಲಯದಲ್ಲೇ ಮುಗಿಸಬಹುದು. ಇಷ್ಟಾದ ಮೇಲೆ ಓಟ್ಸ್ ಅವರ ಮೊದಲ ಪುಟ ತೆರೆಯಿರಿ. ಆ ಸೈಕಲ್ ಸವಾರ ಮನೆಯ ಬಾಗಿಲಿಗೆ ಬರುವಾಗ, ಒಳಗೆ ಇರುವವಳು ಯಾರು ಎಂದು ನಿಮಗೆ ಗೊತ್ತಿರುತ್ತದೆ.